ಕುರ್ಚಿಯ ಮೇಲಿನ ಮುಳ್ಳು

ಡಾರ್ಕಸ್ ಒದ್ದೆ ಹಾಸಿಗೆಬಟ್ಟೆಯ ಒಂದು ತುದಿಯನ್ನು ಹಗ್ಗಕ್ಕೆ ಸಿಕ್ಕಿಸಿದ್ದಳು. ಇನ್ನೊಂದು ತುದಿ ಮಗಳು ಟ್ಯಾಮ್ಸಿನ್ ಕೈಯಲ್ಲಿತ್ತು. ಅಷ್ಟರಲ್ಲಿ ಕಲ್ಲುಗೋಡೆಯಾಚೆ ಪೊಲೀಸ್ ಟೋಪಿ ಕಾಣಿಸಿತು.

"ಬಂಗಲೆಯ ಹಳೇ ಚಿತ್ರ ಕಳುವಾಗಿದೆ," ಎಂದ ಕಾನ್‌ಸ್ಟೇಬಲ್ ಪಾರ್ಜಿಟರ್. "ಬೀಗ ಒಡೆದಿಲ್ಲ. ಕೀಲಿ ಇರೋದು ಮಾಲೀಕ್ರು ಆಶ್‌ಕೂಮ್ ಸಾಹೇಬ್ರ ಹತ್ರ, ಬಿಟ್ರೆ ಅಲ್ಲಿ ಕೆಲಸ ಮಾಡೋ ನಿನ್ನ ಹತ್ರ."

"ಅಂದ್ರೆ ಕಳ್ಳಿ ನಾನೇ. ಟೀ ಕುಡ್ಕೊಂಡು ಹಿಡ್ಕೊಂಡ್ಹೋಗ್ತೀಯೋ, ಇಲ್ಲಾ ಈಗ್ಲೇನೋ?"

"ನಾನಲ್ಲಮ್ಮ, ಸಾಹೇಬ್ರು ಹೇಳ್ತಿರೋದು. ಈ ಮನೆ ಬಂಗಲೆಗೆ ಸೇರಿದ್ದಲ್ವಾ? ಸಂಜೆಯೊಳಗೆ ಖಾಲಿ ಮಾಡ್ಬೇಕಂತೆ."

ಟ್ಯಾಮ್ಸಿನ್ ತಾಯಿಯ ಮೇಲಂಗಿ ಜಗ್ಗಿದಳು. "ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ, ಕಂದ." ಡಾರ್ಕಸ್ ಕೈ ಒರೆಸಿಕೊಂಡಳು. "ನಡಿ ಪಾರ್ಜಿಟರ್. ಮೊದ್ಲು ಆ ಕೋಣೆ ನೋಡ್ತೀನಿ."

* * *

ಬಂಗಲೆಯ ಆ ಕೋಣೆಯಲ್ಲಿ, ಚಿತ್ರ ತೂಗುತ್ತಿದ್ದ ಕಡೆ, ಒಂದು ಹಳೆಯ ಕುರ್ಚಿಯ ಮೇಲ್ಗಡೆ ಗೋಡೆ ಬರಿದಾಗಿತ್ತು. ಸಾಸಿವೆ ಬಣ್ಣದ ಸ್ವೆಟರ್ ತೊಟ್ಟ ಆಶ್‌ಕೂಮ್ ಅಗ್ಗಿಷ್ಟಿಕೆಯ ಮುಂದೆ ನಿಂತಿದ್ದ.

"ಕಸಬರಿಗೆ ಹಿಡಿದವಳಿಗೆ ಪತ್ತೇದಾರಿಕೆ ಬೇರೆ!"

"ಕಸಬರಿಗೆ ಹಿಡಿದವಳ ಕಣ್ಣು ಮೂಲೆಮೂಲೆಗೂ ಹೋಗುತ್ತೆ, ಸಾಹೇಬ್ರೇ."

ಪಾರ್ಜಿಟರ್ ಕೆಮ್ಮಿದ. "ನಿನ್ನೆ ನಮ್ಮ ಕಾಟ್ಸ್‌ವೋಲ್ಡ್ ಗುಡ್ಡ ನೋಡೋಕೆ ಬಂದ ಒಂದು ಬಸ್ ಜನ ಈ ಬಂಗಲೆನೂ ನೋಡ್ಕೊಂಡು ಹೋದ್ರಲ್ಲ. ಅವರಲ್ಲೇ ಯಾರೋ..."

"ಬೇಡ. ನಾನು ಉಳ್ಕೊಳ್ಳೋಕೆ ಅವರ ತಲೆಗೆ ಕಟ್ಬೇಡ. ಅವರು ಹೋದ್ಮೇಲೇ ಚಿತ್ರ ಒರೆಸಿ ಬೀಗ ಹಾಕ್ದೆ."

ನೋಡಲು ಬಂದವರು ಯಾರೂ ಕೂರದಿರಲೆಂದು ಅಲ್ಲಿನ ಹಳೆಯ ಕುರ್ಚಿಗಳ ಮೇಲೆಲ್ಲ ಒಣ ಮುಳ್ಳುಹೂವು ಇರುತ್ತಿತ್ತು. ಡಾರ್ಕಸ್ ಈ ಕುರ್ಚಿಯದನ್ನು ದಂಟು ಹಿಡಿದು ಎತ್ತಿದಳು. ಮುಳ್ಳಿನ ಕೊಕ್ಕೆಗಳ ತುಂಬ ಸಾಸಿವೆ ಬಣ್ಣದ ಉಣ್ಣೆ.

"ನನ್ನ ಮನೆ. ನನ್ನ ಉಣ್ಣೆ. ಯಾವತ್ತೋ ತಾಗಿರುತ್ತೆ," ಎಂದ ಆಶ್‌ಕೂಮ್.

"ಯಾವತ್ತೋ ಅಲ್ಲ. ಬೀಗ ಹಾಕೋ ಮುಂಚೆ ಹಳೇದು ತೆಗೆದು ಈ ಹೊಸದನ್ನ ಇಟ್ಟೆ. ಚಿತ್ರ ಇಳಿಸೋಕೆ ಕುರ್ಚಿ ಹತ್ಬೇಕು. ಎರಡು ಕೈನೂ ಬೇಕು. ಮುಳ್ಳು ಎಲ್ಲಿಡೋದು? ನೆಲದ ಮೇಲಿಟ್ರೆ ಇಳಿಯೋವಾಗ ತುಳಿದು ಪುಡಿಯಾಗುತ್ತೆ. ಅದಕ್ಕೇ ಕಂಕುಳಲ್ಲಿ. ನನ್ನ ನುಣುಪು ಹತ್ತಿಬಟ್ಟೆಗೆ ಇದು ಹಿಡಿಯೋದೇ ಇಲ್ಲ. ಕೈ ಎತ್ತಿ, ಸಾಹೇಬ್ರೇ."

ಅವನು ಎತ್ತಲಿಲ್ಲ. ಪಾರ್ಜಿಟರ್ ಎತ್ತಿಸಿದ. ಸ್ವೆಟರಿನ ಕಂಕುಳಲ್ಲಿ ಎಳೆಗಳು ಕಿತ್ತುಬಂದಿದ್ದವು.

* * *

ಚಿತ್ರ ಆಶ್‌ಕೂಮ್‌ನ ಕಾರಿನ ಡಿಕ್ಕಿಯಲ್ಲಿ ಕಂಬಳಿ ಹೊದ್ದು ಮಲಗಿತ್ತು. ಗುಟ್ಟಾಗಿ ಮಾರುವುದು, ಮೇಲೆ ವಿಮೆಯನ್ನೂ ಪಡೆಯುವುದು ಅವನ ಲೆಕ್ಕ.

"ನಿನ್ನ ಮನೇಲೇ ಇರು, ಡಾರ್ಕಸ್. ಆಯ್ತಲ್ಲ?" ಎಂದ ಆಶ್‌ಕೂಮ್, ಭಿಕ್ಷೆ ಹಾಕುವವನಂತೆ.

ಪಾರ್ಜಿಟರ್ ತನ್ನ ಬೂಟು ನೋಡಿಕೊಂಡ. ತಾಯಿಯ ಹಿಂದೆಯೇ ಬಂದಿದ್ದ ಟ್ಯಾಮ್ಸಿನ್ ನೇರ ಆಶ್‌ಕೂಮ್ ಮುಂದೆ ಹೋಗಿ ನಿಂತಳು. ಈ ಸಲ ಡಾರ್ಕಸ್ 'ಆಮೇಲೆ' ಎನ್ನಲಿಲ್ಲ.

"ನಮ್ಮಮ್ಮನ್ನ ಕಳ್ಳಿ ಅಂದ್ರಲ್ಲ, ತಪ್ಪಾಯ್ತು ಅಂತ ಯಾವಾಗ ಹೇಳ್ತೀರಿ?"