ಜವಳದ ಕೂದಲು

ಮಾರ್ಚ್ ಹನ್ನೊಂದು, ಮಂಗಳವಾರ. ಸಂಜೆ ಏಳೂ ಇಪ್ಪತ್ತಕ್ಕೆ ಕೊಟ್ಟೂರು ಠಾಣೆಗೆ ಆಸ್ಪತ್ರೆಯಿಂದ ಫೋನು ಬಂತು. ಎರಡೂವರೆ ವರ್ಷದ ಗಂಡುಕೂಸು, ತಲೆಗೆ ಪೆಟ್ಟು, ಫಿಟ್ಸ್ ಬರುತ್ತಿದೆ, ದಾವಣಗೆರೆಗೆ ಕಳಿಸುತ್ತಿದ್ದೇವೆ, ಪೊಲೀಸರು ಬರಬೇಕು. ಪಿ.ಎಸ್.ಐ. ಕೋಮಲಾ ಅರ್ಧ ಕುಡಿದ ಚಹಾ ಮೇಜಿನ ಮೇಲೇ ಬಿಟ್ಟು ಎದ್ದಳು. ಹೆಡ್ ಕಾನ್‌ಸ್ಟೇಬಲ್ ಗಾದೆಪ್ಪ ಜೀಪು ತೆಗೆದ.

ಆಂಬುಲೆನ್ಸಿನ ಬಾಗಿಲಲ್ಲಿ ತಾಯಿ ನಿಂತಿದ್ದಳು. ಹೆಸರು ಭರಮಮ್ಮ, ಶೇಂಗಾ ಮಿಲ್ಲಿನಲ್ಲಿ ಕೂಲಿ. ಗಂಡ ಪಾಲಾಕ್ಷಪ್ಪ ಕುರಿ ಹೊಡೆದುಕೊಂಡು ಇಟ್ಟಿಗಿ ಊರ ಕಡೆ ಹೋಗಿ ತಿಂಗಳಾಗಿತ್ತು. ಅವಳ ಸೀರೆಯ ತುಂಬ ಇನ್ನೂ ಶೇಂಗಾ ಹೊಟ್ಟಿನ ಧೂಳು. ಕೈಯಲ್ಲಿ ಒಂದು ಉಲ್ಲನ್ ಕುಲಾಯಿ.

"ಏನಾತವ್ವ?"

"ಮುಂಜಾನಿ ಕುಣಕೋಂತ ಹೋಗಿದ್ದ್ರಿ ಮೇಡಂ. ಸಂಜಿಗಿ ಕರಕೊಳ್ಳಾಕ ಹೋದ್ರ ಮಕ್ಕೊಂಡಿದ್ದ. ತಲಿಮ್ಯಾಲೆ ಇದು. ಈ ಬಿಸಲಾಗ ಕುಲಾಯಿ ಯಾಕ್ರಿ ಅಂದ್ರ, ಕಿವಿಗಿ ಗಾಳಿ ಹೊಕ್ಕೈತಿ, ತಗೀಬ್ಯಾಡ ಅಂದ್ಲು ಆಕಿ."

"ಆಕಿ ಅಂದ್ರ ಯಾರು?"

"ಕೂಸು ಬಿಡೋ ಸೆಂಟರಿನ ಸೂಪರ್‌ವೈಜರ್, ಮಂಜಮ್ಮ. ಮನಿಗಿ ಬಂದು ವಾಂತಿ ಮಾಡಿಕೊಂಡ. ಕಣ್ಣು ಮ್ಯಾಲೆ ಮಾಡಿದ. ಕುಲಾಯಿ ತಗದು ನೋಡಿದ್ರ..."

ಈಗ ರಕ್ತ ಅನ್ನುತ್ತಾಳೆಂದು ಕೋಮಲಾ ಕಾದಳು.

"ಕೂದಲಾ ಇಲ್ರೀ. ಕತ್ತರಿಸ್ಯಾರ."

ವೈದ್ಯರು ಹೇಳಿದ್ದು ಚುಟುಕು. ಬಲಗಿವಿಯ ಮೇಲೆ ಗಾಯ, ಅದಕ್ಕೆ ಅರಿಸಿನ ಮೆತ್ತಿದ್ದಾರೆ. ಬುರುಡೆ ಬಿರುಕು ಬಿಟ್ಟಿರಬಹುದು. ಪೆಟ್ಟು ಬಿದ್ದು ಆರೇಳು ತಾಸಾದರೂ ಆಗಿದೆ. ಗಾಯದ ಸುತ್ತಲ ಕೂದಲನ್ನು ಆಸ್ಪತ್ರೆಯವರು ಮುಟ್ಟಿಲ್ಲ, ಬರುವಾಗಲೇ ಹಾಗಿತ್ತು. ಗಾದೆಪ್ಪ ಆಂಬುಲೆನ್ಸಿನ ಮೆಟ್ಟಿಲ ಮೇಲೇ ಭರಮಮ್ಮನ ಹೇಳಿಕೆ ಬರೆದುಕೊಂಡು ರುಜು ಹಾಕಿಸಿಕೊಂಡ. ಠಾಣೆಗೆ ಬಂದು ಎಫ್.ಐ.ಆರ್. ದಾಖಲಿಸಿದರು: ಜೀವಕ್ಕೆ ಅಪಾಯ ತಂದದ್ದಕ್ಕೆ ಬಿ.ಎನ್.ಎಸ್. ಕಲಂ 125, ಮಗುವಿನ ಮೇಲಿನ ಕ್ರೌರ್ಯಕ್ಕೆ ಬಾಲನ್ಯಾಯ ಕಾಯ್ದೆ ಕಲಂ 75. ಆರೋಪಿಯ ಹೆಸರಿನ ಜಾಗ ಖಾಲಿ ಬಿಟ್ಟರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಕೋಮಲಾ ಕೇಂದ್ರದ ಬಾಗಿಲು ತಟ್ಟಿದಳು. ಒಂದು ಟ್ರಸ್ಟು ನಡೆಸುವ ಶಿಶುಪಾಲನಾ ಕೇಂದ್ರ ಅದು. ಮಿಲ್ಲು, ಗೋಡೌನು, ಗಾರೆ ಕೆಲಸಕ್ಕೆ ಹೋಗುವ ಹೆಂಗಸರು ಮಕ್ಕಳನ್ನು ಬಿಟ್ಟು ಹೋಗುತ್ತಾರೆ. ಗೋಡೆಯ ಮೇಲೆ ಗುಬ್ಬಿ, ಆನೆ, ಅ ಆ ಇ ಈ. ಅವುಗಳ ನಡುವೆ ಚೌಕಟ್ಟು ಹಾಕಿದ ಪ್ರಮಾಣಪತ್ರ: 'ಅಪಘಾತರಹಿತ ಕೇಂದ್ರ'. ಅಂಗಳದಲ್ಲಿ ಕಬ್ಬಿಣದ ಜಾರುಬಂಡಿ, ಅದರ ಬುಡದಲ್ಲಿ ಮರಳಿರಬೇಕಾದ ಕಡೆ ಬಂಡೆ ಹಾಸು.

ಮಂಜಮ್ಮ ಕಾಯುತ್ತಲೇ ಇದ್ದಳು. ನಲವತ್ತರ ಆಸುಪಾಸು, ಗಂಜಿ ಹಾಕಿದ ಕಾಟನ್ ಸೀರೆ, ಮಾತು ಪಾಠ ಹೇಳಿದ ಹಾಗೆ.

"ಬೆಳಿಗ್ಗೆ ಬರುವಾಗಲೇ ಗಾಯ ಇತ್ತು ಮೇಡಂ. ಅರಿಸಿನ ಹಚ್ಚಿ ಕುಲಾಯಿ ಹಾಕಿ ಕಳಿಸಿದ್ದರು. ಆ ತಾಯಿ ಕೈ ಸ್ವಲ್ಪ ಜೋರು. ನಾನು ಮಕ್ಕಳ ಕಲ್ಯಾಣ ಸಮಿತಿಗೆ ರಾತ್ರಿಯೇ ತಿಳಿಸಿದ್ದೇನೆ."

"ಗಾಯ ನೋಡಿದ ಕೂಡಲೇ ಯಾಕ ತಿಳಿಸಲಿಲ್ಲ?"

"ಅವರ ಮನೆ ವಿಷಯ ಅಂತ ಸುಮ್ಮನಾದೆ. ಅದು ನನ್ನ ತಪ್ಪು."

ಸಣ್ಣ ತಪ್ಪನ್ನು ಒಪ್ಪಿಕೊಳ್ಳುವ ಆ ಸಲೀಸು ಕೋಮಲಾಳಿಗೆ ಸೇರಲಿಲ್ಲ. ಹೊರಗೆ ಆಯಾ ಗಿಡ್ಡಮ್ಮ ಒಂದು ಕೂಸಿನ ಸಿಂಬಳ ಒರೆಸುತ್ತಿದ್ದಳು. ಕೇಳಿದರೆ ಅವಳದೂ ಅದೇ ಮಾತು: ಬರುವಾಗಲೇ ಇತ್ತು.

ಹೊರಬಂದ ಮೇಲೆ ಗಾದೆಪ್ಪ ಮೀಸೆ ತೀಡಿಕೊಂಡ. "ಓಣ್ಯಾಗೂ ವಿಚಾರಿಸಿದೆ ಮೇಡಂ. ಭರಮಮ್ಮ ಹೊಡೀತಾಳ ಅಂತಾರ. ಹೋದ ವಾರ ನಳದ ಹತ್ರ ಕೂಸಿಗಿ ಬಾರಿಸ್ಯಾಳಂತ."

"ನಿನ್ನ ಹೆಂಡ್ತಿ ನಿನ್ನ ಮಕ್ಕಳಿಗೆ ಬಾರಿಸಿಲ್ಲೇನು?"

"ನನಗೂ ಬಾರಿಸ್ಯಾಳ್ರಿ," ಅಂದ ಗಾದೆಪ್ಪ. "ಹಂಗಂತ ಬಿಡಾಕ ಬರ್ತೈತೇನು?"

ಬಿಡಲು ಬರುತ್ತಿರಲಿಲ್ಲ. ಮಧ್ಯಾಹ್ನ ಕೋಮಲಾ ದಾವಣಗೆರೆಗೆ ಹೋದಳು. ಶಸ್ತ್ರಚಿಕಿತ್ಸೆ ಮುಗಿದಿತ್ತು. ಬೀರಲಿಂಗೇಶ, ಮನೆಯವರ ಬಾಯಲ್ಲಿ ಬೀರೇಶ, ಗಾಜಿನಾಚೆ ಮಲಗಿದ್ದ. ಭರಮಮ್ಮ ಕಾರಿಡಾರಿನ ನೆಲದ ಮೇಲೆ ಕುಳಿತಿದ್ದಳು, ಅದೇ ಧೂಳಿನ ಸೀರೆಯಲ್ಲಿ.

"ಕೂಸಿಗೆ ಹೊಡದೀಯೇನು?"

"ಹೊಡದೀನ್ರಿ. ಕುಂಡಿಮ್ಯಾಲೆ. ತಾಯಿ ಅದೀನಿ."

"ತಲಿಗೆ?"

"ಇಲ್ಲ."

"ಸಿಟ್ಟಿನಾಗ ಬಿದ್ದಿರಬಹುದು. ಗಾಯ ಆತು, ಹೆದರಿದಿ, ಕೂದಲ ಕತ್ತರಿಸಿ ಅರಿಸಿನ ಹಚ್ಚಿದಿ. ಹೌದಿಲ್ಲೋ?"

ಭರಮಮ್ಮ ಮುಖವೆತ್ತಿದಳು. ಅಲ್ಲಿ ಹೆದರಿಕೆ ಇರಲಿಲ್ಲ, ಅಸಹ್ಯವಿತ್ತು.

"ಜವಳ ಆಗದ ತಲಿ ಅದು ಮೇಡಂ. ಮೊದಲಿಂದು ಉಳೀಲಿಲ್ಲ ಅಂತ ಬೀರಪ್ಪಗ ಬೇಡಿಕೊಂಡೀವಿ. ಮೂರು ತುಂಬಿದ ಮ್ಯಾಲೆ ಅವನ ಗುಡಿ ಮುಂದ ತಗಸ್ತೀವಿ ಅಂತ ಮುಡುಪಿಟ್ಟ ಕೂದಲಕ್ಕ ನಾ ಕತ್ರಿ ಹಾಕ್ತೀನೇನ್ರಿ? ನಿಮ್ಮವ್ವ ಆಗಿದ್ರ ಹಾಕ್ತಿದ್ಲೇನು?"

ಕೋಮಲಾ ನೋಟ್‌ಬುಕ್ಕು ಮುಚ್ಚಿದಳು.

"ಸಮಿತಿಯವರು ಬಂದಿದ್ರು. ಕೂಸು ನೆಟ್ಟಗಾದ್ರೂ ನನ್ನ ಕೈಗಿ ಕೊಡಂಗಿಲ್ಲಂತ. ತನಿಖಿ ಮುಗೀಲಿ ಅಂತಾರ. ನೀವು ಬೇಕಾದಂಗ ಬರಕೋರಿ, ನನಗ ಜೈಲಾಗಲಿ. ಆದ್ರ ಕೂದಲಾ ನಾ ಕತ್ತರಿಸೀನಿ ಅಂತ ಮಾತ್ರ ಬರೀಬ್ಯಾಡ್ರಿ."

ವಾಪಸು ಬರುವ ದಾರಿಯುದ್ದಕ್ಕೂ ಕೋಮಲಾಳ ತಲೆಯಲ್ಲಿ ಆ ಕೂದಲೇ. ಎರಡೂವರೆ ವರ್ಷ ಎಣ್ಣೆ ಹಚ್ಚಿ ಬೆಳೆಸಿದ್ದು, ಗಂಡುಕೂಸಿಗೂ ಜಡೆ ಬೀಳುವಷ್ಟು ಉದ್ದ. ಗಾಯ ತೊಳೆಯಲು ಅದು ಅಡ್ಡ ಬಂದಿದೆ. ಯಾರೋ ಕತ್ತರಿ ಹಾಕಿದ್ದಾರೆ. ತಾಯಿ ಅಲ್ಲ. ಹಾಗಾದರೆ ಕತ್ತರಿಸಿದ್ದು ಎಲ್ಲಿ ಹೋಯಿತು?

ಹದಿಮೂರನೇ ತಾರೀಖು, ಬೆಳಿಗ್ಗೆ ಒಂಬತ್ತು. ಇಬ್ಬರು ಪಂಚರ ಸಮಕ್ಷಮ ಕೇಂದ್ರದ ಪಂಚನಾಮೆ ಶುರುವಾಯಿತು. ಜಾರುಬಂಡಿಯ ಬುಡದ ಹಾಸುಗಲ್ಲು ತೊಳೆದಿತ್ತು. ಅಕ್ಕಪಕ್ಕದ ಕಲ್ಲುಗಳ ಮೇಲೆ ಎರಡು ಬೆರಳು ಧೂಳಿತ್ತು. ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಕತ್ತರಿ, ಅದೂ ತೊಳೆದದ್ದು. ಕಸದ ಬುಟ್ಟಿ ಖಾಲಿ. ಗಾದೆಪ್ಪ ಪ್ಯಾಂಟು ಮಡಚಿಕೊಂಡು ಹಿಂದಿನ ಗಟಾರಕ್ಕಿಳಿದು ಕೋಲಾಡಿಸಿದ. ಚಾಕಲೇಟ್ ಕಾಗದ, ಒಂದು ಗೊಂಬೆಯ ಕಾಲು. ಕೂದಲಿಲ್ಲ.

ಮಂಜಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಅವಳ ಮುಖ ಹಗುರಾಗುತ್ತಿತ್ತು.

ಗಿಡ್ಡಮ್ಮ ಮಾತ್ರ ಗಟಾರದ ಕಡೆ ಒಮ್ಮೆಯೂ ತಿರುಗಲಿಲ್ಲ. ಕೋಮಲಾ ಅವಳನ್ನು ಅಡುಗೆಮನೆಗೆ ಕರೆದೊಯ್ದು ಎದುರಿಗೆ ಕೂತಳು. ಒಲೆಯ ಮೇಲೆ ಮಕ್ಕಳ ಅನ್ನ ಕುದಿಯುತ್ತಿತ್ತು.

"ಎಷ್ಟು ವರ್ಷಾತವ್ವ ಈ ಕೆಲಸಕ್ಕ?"

"ಆರು ವರ್ಷ್ರಿ."

"ಮಕ್ಕಳದಾರೇನು?"

"ಮೊಮ್ಮಕ್ಕಳದಾವ್ರಿ."

"ಜವಳ ಮಾಡಿಸೀರೇನು?"

"ಮಾಡಿಸದ ಬಿಡ್ತೀವೇನ್ರಿ?"

"ಮತ್ತ, ದೇವರಿಗಿಟ್ಟ ಜವಳದ ಕೂದಲಾನ ಹೇಲಗಟಾರಕ್ಕ ಒಗದಿಯಲ್ಲಬೇ, ಕೈಯರ ಹೆಂಗ ಬಂತು?"

"ಅಯ್ಯ, ಬಿಡ್ತು ಅನ್ರಿ!" ಗಿಡ್ಡಮ್ಮ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡಳು. "ನಾ ಯಾಕ ಒಗೀಲ್ರೀ? ಆಕಿ ಒಗಿ ಅಂದ್ಲು..."

ಅಲ್ಲಿಗೆ ಬಾಯಿ ಮುಚ್ಚಿದಳು. ತಡವಾಗಿತ್ತು. ಅನ್ನ ಉಕ್ಕಿ ಒಲೆಗೆ ಚೆಲ್ಲಿತು, ಇಬ್ಬರೂ ಏಳಲಿಲ್ಲ. ಕೊನೆಗೆ ಗಿಡ್ಡಮ್ಮ ಎದ್ದು, ದೇವರ ಗೂಡಿನಲ್ಲಿ ಫೋಟೊದ ಹಿಂದೆ ಕೈ ಹಾಕಿ ಅರಿಸಿನ ಬಟ್ಟೆಯ ಗಂಟೊಂದನ್ನು ತೆಗೆದಳು. ಪಂಚರ ಮುಂದೆ ಬಿಚ್ಚಿದರು. ಎಳೆಯ, ಕೆಂಚು ಕೂದಲು, ಗೇಣುದ್ದ. ಒಣಗಿದ ರಕ್ತದಲ್ಲಿ ಅಂಟಿಕೊಂಡಿತ್ತು.

"ಹತ್ತು ಗಂಟಿ ಸುಮಾರಿಗೆ ಜಾರಬಂಡಿ ಮ್ಯಾಲಿಂದ ಬಿದ್ದ್ರಿ. ಯಾರೂ ನೂಕಿಲ್ಲ, ಅವನೇ ಬಿದ್ದ. ಆಟೋ ಕರೀತೀನಿ ಅಂದೆ. ಬ್ಯಾಡ, ನಿದ್ದಿ ಮಾಡಿದ್ರ ಸರಿ ಹೋಗ್ತೈತಿ ಅಂದ್ಲು. ಆಕೀನ ಕತ್ತರಿಸಿದ್ಲು, ಅರಿಸಿನ ನಾ ಹಚ್ಚಿದೆ, ಕುಲಾಯಿ ಆಕಿ ಹಾಕಿದ್ಲು. ಕೂದಲಾ ಗಟಾರಕ್ಕ ಒಗದು ಬಾ ಅಂದ್ಲು. ಹ್ಞೂಂ ಅಂದೆ. ಆಗಲಿಲ್ರೀ. ಅದರ ತಾಯಿಗಿ ಯಾವಾಗರ ಕೊಡೂನು ಅಂತ ಇಟ್ಟಿದ್ದೆ."

"ಬರೂವಾಗನ ಗಾಯ ಇತ್ತು ಅಂತ ತಾಯಿಮ್ಯಾಲೆ ಹಾಕಿ ನನ್ನ ಮುಂದ ಹೇಳಿದಿ."

"ಹೇಳಿದೆ."

"ಕೂದಲಕ್ಕ ಇಟ್ಟ ಭಕ್ತಿ ಕೂಸಿಗೆ ಇಡಲಿಲ್ಲಲ್ಲವ್ವ ನೀನು."

ಗಿಡ್ಡಮ್ಮ ಒಲೆ ಆರಿಸಿದಳು. ಅವಳನ್ನು ಎರಡನೇ ಆರೋಪಿ ಮಾಡಿ ನೋಟಿಸು ಕೊಟ್ಟರು.

ಹನ್ನೊಂದೂ ಕಾಲಿಗೆ ಮಂಜಮ್ಮನನ್ನು ಬಂಧಿಸಲಾಯಿತು. ಸಾಕ್ಷ್ಯ ನಾಶದ ಕಲಂ 238 ಸೇರಿತು. ಅವಳು ಅಳಲಿಲ್ಲ. ನೀರು ಕೇಳಿದಳು, ಕುಡಿದಳು.

"ಬಿದ್ದದ್ದು ಅಪರಾಧ ಅಲ್ಲ," ಅಂದಳು ಕೋಮಲಾ. "ಒಂದು ಫೋನ್ ಮಾಡಿದ್ದರ ಈ ಎಫ್.ಐ.ಆರ್. ಇರತಿರಲಿಲ್ಲ. ಯಾಕ?"

"ಫೋನ್ ಮಾಡಿದರೆ ಏನಾಗುತ್ತದೆ ಅಂತ ನನಗೆ ಗೊತ್ತು ಮೇಡಂ. ತಂಬ್ರಹಳ್ಳಿಯ ಕೇಂದ್ರದಲ್ಲಿದ್ದಾಗ ಒಂದು ಹುಡುಗಿ ಬಿಸಿ ಸಾರಿಗೆ ಕೈ ಅದ್ದಿತು. ನಾನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ, ತಾಯಿಯನ್ನು ಕರೆಸಿದೆ, ಮೇಲಿನವರಿಗೆ ವರದಿ ಕೊಟ್ಟೆ. ನಿಯಮದಲ್ಲಿ ಇರೋ ಹಾಗೆ, ಒಂದಕ್ಷರ ಬಿಡದೆ. ಆ ಕೇಂದ್ರದ ಪ್ರಮಾಣಪತ್ರ ಹೋಯಿತು. ನನ್ನನ್ನು ಇಲ್ಲಿಗೆ ಎತ್ತಿಹಾಕಿದರು. ಪಕ್ಕದ ಕೇಂದ್ರದವಳು ಎಂದೂ ಏನೂ ವರದಿ ಮಾಡಿದವಳಲ್ಲ, ಅವಳಿಗೆ ಶಾಲು ಹೊದಿಸಿದರು. ಕಾರ್ಯದರ್ಶಿ ಮೀಟಿಂಗಿನಲ್ಲಿ ಎಲ್ಲರೆದುರು ಅಂದರು: ಮಂಜಮ್ಮ, ನಿಮ್ಮ ಕೈಯಲ್ಲೇ ಯಾಕೆ ಮಕ್ಕಳು ಬೀಳುತ್ತವೆ?" ಅವಳು ಗೋಡೆಯ ಪ್ರಮಾಣಪತ್ರ ನೋಡಿದಳು. "ಆಮೇಲೆ ನನ್ನ ಕೈಯಲ್ಲಿ ಮಕ್ಕಳು ಬೀಳಲೇ ಇಲ್ಲ ಮೇಡಂ."

ಜೀಪು ಹತ್ತುವ ಹೊತ್ತಿಗೆ ಕಾರ್ಯದರ್ಶಿ ಪ್ರವೀಣಕುಮಾರ್ ಕಾರಿನಲ್ಲಿ ಬಂದಿಳಿದ. ಇಂಥವರನ್ನು ಟ್ರಸ್ಟು ಸಹಿಸುವುದಿಲ್ಲ, ಈಗಲೇ ವಜಾ ಮಾಡಿದ್ದೇವೆ ಅಂದ. ಮೀಟಿಂಗಿನ ಮಾತು ಕೇಳಿದ್ದಕ್ಕೆ ನಕ್ಕ: "ತಮಾಷೆಗೆ ಅಂದಿರಬೇಕು." ಅವನ ಹೇಳಿಕೆ ಪಡೆದರು. ತಮಾಷೆಗೆ ಕಲಂ ಇರಲಿಲ್ಲ.

ಏಪ್ರಿಲ್ ಕೊನೆಯಲ್ಲೊಂದು ಬೆಳಿಗ್ಗೆ ಭರಮಮ್ಮ ಠಾಣೆಗೆ ಬಂದಳು. ಸಮಿತಿ ಕೂಸನ್ನು ಅವಳ ಮಡಿಲಿಗೇ ಬಿಟ್ಟಿತ್ತು. ಜೊತೆಗೆ ಗಂಡ ಪಾಲಾಕ್ಷಪ್ಪ, ಹೆಗಲ ಮೇಲೆ ಕಂಬಳಿ. ಆಪರೇಷನ್ನಿಗೆ ಬೋಳಿಸಿದ್ದ ಬೀರೇಶನ ತಲೆಯಲ್ಲಿ ಚಿಗುರುಗೂದಲು. ಗಾದೆಪ್ಪ ಬಿಸ್ಕೀಟು ಚಾಚಿದ. ಕೂಸು ಬಲಗೈಯಲ್ಲಿ ಇಸಿದುಕೊಂಡಿತು. ಇನ್ನೊಂದನ್ನು ಎಡಗೈಯ ಹತ್ತಿರ ಹಿಡಿದ. ಎಡಗೈ ಏಳಲಿಲ್ಲ. ಬೇಗ ತಂದಿದ್ದರೆ ಏಳುತ್ತಿತ್ತು ಎಂದು ದಾವಣಗೆರೆಯ ವೈದ್ಯರು ಬರೆದು ಕೊಟ್ಟಿದ್ದರು. ಆ ಹಾಳೆ ಈಗ ದೋಷಾರೋಪಣ ಪಟ್ಟಿಯಲ್ಲಿದೆ.

"ಸೋಮವಾರ ಬೀರಪ್ಪನ ಗುಡಿಗಿ ಹೊಂಟೀವ್ರಿ," ಅಂದಳು ಭರಮಮ್ಮ. "ಆಸ್ಪತ್ರ್ಯಾಗ ಬೋಳಿಸಿದ್ದು ಯಾವ ಕಸಕ್ಕ ಹೋತೋ. ಉಳದಿರೋದು ಆ ಗಂಟೊಂದ. ಕೊಡ್ರಿ."

ಕೋಮಲಾ ಗಾದೆಪ್ಪನ ಮುಖ ನೋಡಿದಳು.

"ಅದು ಮುದ್ದೆಮಾಲು ಆಗೈತವ್ವ," ಅಂದ ಅವನು. "ಲ್ಯಾಬಿಗಿ ಹೋಗೈತಿ. ಬಂದ ಮ್ಯಾಲೆ ಕೋರ್ಟಿಗಿ. ಕೇಸ್ ಮುಗದ ಮ್ಯಾಲೆ ಅರ್ಜಿ ಹಾಕಿ ತಗೋಬೇಕು."

"ಯಾವಾಗ ಮುಗೀತೈತ್ರಿ?"

ಗಾದೆಪ್ಪ ಮೀಸೆ ತೀಡಿಕೊಂಡ. ಪಾಲಾಕ್ಷಪ್ಪ ಕಂಬಳಿಯನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

"ಹಂಗಾರ ಬೀರಪ್ಪಗ ಏನಂತ ಹೇಳೂನ್ರಿ ಮೇಡಂ?"

ಅವನು ನಿಜವಾಗಿಯೇ ಕೇಳುತ್ತಿದ್ದ. ಕೋಮಲಾ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಕೂಸು ಬಿಸ್ಕೀಟು ಬಿಟ್ಟು, ಬಲಗೈಯಿಂದ ಟೋಪಿಯತ್ತ ತುಯ್ಯುತ್ತಿತ್ತು.