ಬೋರಲು ಗಡಿಗೆಗಳ ಮಾಳಿಗೆ

ಪ್ರಮಿತಾ ಕೊನೆಯ ಸಾಲಿನ ಗಡಿಗೆಯನ್ನು ಬೋರಲು ಹಾಕುತ್ತಿದ್ದಾಗ ಹಿಂದೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು.

ಅವಳು ತಿರುಗಲಿಲ್ಲ. ಆ ನಡಿಗೆ ಅವಳಿಗೆ ಗೊತ್ತಿತ್ತು.

“ಯಾರ ಮನಿ ಮ್ಯಾಲ ಯಾರು ಹತ್ಯಾರ, ಇಂಜಿನಿಯರಮ್ಮೋರೇ?”

ಶರಣಕುಮಾರ. ಸಿಟ್ಟು ಬಂದಾಗಲಷ್ಟೇ ಅವನು ಹಾಗೆ ಕರೆಯುತ್ತಿದ್ದ. ಕಳೆದ ಬೇಸಿಗೆಯವರೆಗೆ ಅವಳು ಅವನಿಗೆ ಬರೀ ‘ಪಮ್ಮಿ’.

“ನಿಮ್ಮನೀನೇ. ಕೇಳದೇ ಹತ್ತೀನಿ.”

ಗಡಿಗೆಯನ್ನು ಸ್ಲ್ಯಾಬಿನ ಮೇಲೆ ಒತ್ತಿ ಕೂರಿಸಿದಳು.

‘ಬೈಯಲಿ. ಒಮ್ಮೆ ಬೈದುಬಿಡಲಿ... ಆಮೇಲೆ ನಿದ್ದೆಯಾದರೂ ಬಂದೀತು.’

ಅವನು ಬೈಯಲಿಲ್ಲ. ಸಾಲುಸಾಲು ಕೆಂಪು ಗಡಿಗೆಗಳನ್ನು ನೋಡಿದ.

“ಗಡಿಗಿ ಸಂತಿ ಹಚ್ಚೀರೇನು ಇಲ್ಲಿ?”

ಅವಳು ನೆಲ ನೋಡುತ್ತಲೇ ವಿವರಿಸಿದಳು. ಬೋರಲು ಗಡಿಗೆಯೊಳಗಿನ ಗಾಳಿ ಬಿಸಿಲನ್ನು ಕೆಳಗಿಳಿಯಲು ಬಿಡುವುದಿಲ್ಲ. ಸಂದಿಗೆ ಇಟ್ಟಿಗೆ ಚೂರು, ಮೇಲೆ ಸುಣ್ಣದ ಗಾರೆ. ಒಳಕೋಣೆಯ ಮೇಲಿನ ಕೆಲಸ ಆಗಲೇ ಮುಗಿದಿದೆ. ಅವನು ವಾರವಿಡೀ ಚಿಂಚೋಳಿಯಲ್ಲಿ ತಾಯಿಯ ಬಳಿ ಇರುತ್ತಾನೆಂದು ಕೇಳಿಯೇ ಬಂದಿದ್ದಳು.

ರಾವೂರಿನ ಈ ಮನೆ ಅವಳು ಬರೆದ ಮೊದಲ ನಕ್ಷೆ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿ ನಡೆಸುವ ಶರಣಕುಮಾರ ನಕ್ಷೆ ಬರೆಸಲು ಬಂದು, ನೆಪ ಹುಡುಕಿ ಮತ್ತೆ ಮತ್ತೆ ಬಂದು, ಅವಳ ಮನಸ್ಸಿನಲ್ಲೇ ಉಳಿದುಬಿಟ್ಟಿದ್ದ. ಮಣ್ಣಿನ ಮಾಳಿಗೆ ಕೆಡವಿ ಕಾಂಕ್ರೀಟ್ ಸ್ಲ್ಯಾಬ್ ಹಾಕಿಸಿದ್ದು ಅವಳು. ಪಡುವಣಕ್ಕೆ ಅಗಲ ಗಾಜಿನ ಕಿಟಕಿ ಇಟ್ಟಿದ್ದೂ ಅವಳೇ. ಚಳಿ ದೇಶದವರು ಬಿಸಿಲನ್ನು ಮನೆಗೆ ಕರೆಯಲು ಕಟ್ಟಿದ ಕಿಟಕಿ ಅದು ಎಂದು ಆಗ ಹೊಳೆದಿರಲಿಲ್ಲ.

ಅವನ ತಾಯಿ ಭಾಗಮ್ಮ ಕೇಳಿದ್ದು ಒಂದೇ. ಮಾಳಿಗೆ ನಡುವೆ ಮೊದಲಿನಂತೆ ಬೆಳಕಿಂಡಿ ಇರಲಿ. ಸಂಜೆ ಅದರ ಮುಚ್ಚುಗಲ್ಲು ಸರಿಸಿದರೆ ಮನೆಯ ಧಗೆಯೆಲ್ಲ ಮೇಲೆ ಹೋಗುತ್ತದೆ.

ಪ್ರಮಿತಾ ಹೂಂ ಅಂದಿದ್ದಳು. ಸ್ಲ್ಯಾಬ್ ಹಾಕುವ ದಿನ ಭಾಗಮ್ಮ ಚಿಂಚೋಳಿಯ ಮಗಳ ಮನೆಯಲ್ಲಿದ್ದಳು. ತೂತು ಬಿಟ್ಟರೆ ಮಳೆಗಾಲದಲ್ಲಿ ಸೋರಿ ತನ್ನ ಹೆಸರು ಕೆಡುತ್ತದೆಂದು ಹೆದರಿ, ಪ್ರಮಿತಾ ಮೇಸ್ತ್ರಿ ಬಂದೇನವಾಜ್‌ಗೆ ಅದನ್ನೂ ಮುಚ್ಚಿಬಿಡಿ ಎಂದಳು.

ಕಳೆದ ವರ್ಷದ ಮೇ ತಿಂಗಳು ಹಿಂದಿನ ಯಾವ ಮೇ ತಿಂಗಳಿನಂತೆಯೂ ಇರಲಿಲ್ಲ. ಒಂದು ಮಧ್ಯಾಹ್ನ ಭಾಗಮ್ಮ ಹೊಸ ಮನೆಯ ಒಳಕೋಣೆಯಲ್ಲೇ ಧಗೆ ತಾಳದೆ ಕುಸಿದಳು. ಜೀವ ಉಳಿಯಿತು. ರೊಟ್ಟಿ ಬಡಿಯುವ ಕೈಗೆ ಮಾತ್ರ ಶಕ್ತಿ ಮರಳಲಿಲ್ಲ. ಆಸ್ಪತ್ರೆಯಿಂದ ನೇರ ಮಗಳ ಮನೆಗೆ ಹೋದವಳು ಮತ್ತೆ ಈ ಹೊಸ್ತಿಲು ತುಳಿದಿರಲಿಲ್ಲ.

ಪ್ರಮಿತಾ ಕೂಡ ಸೇಡಂನ ಅಪ್ಪನ ಮನೆಯಲ್ಲಿ ಅಡಗಿಬಿಟ್ಟಳು.

“ಫೋನ್ ಯಾಕ ಎತ್ತಲಿಲ್ಲ?” ಅವನು ಕೇಳಿದ. “ನಿಮ್ಮಪ್ಪಾರು ಲಿಂಗಾಯತರ ಮನಿ ಬ್ಯಾಡ ಅಂದಾರ, ನೀನೂ ಹೂಂ ಅಂದಿ ಅಂತ ತಿಳ್ಕೊಂಡಿದ್ದೆ.”

“ಅಪ್ಪ ಅಂದಿದ್ದು ಖರೇ. ನಾ ಹೂಂ ಅಂದಿಲ್ಲ. ದವಾಖಾನ್ಯಾಗ ಅವ್ವನ ಕೈ ನೋಡಿದೆ. ಆಮ್ಯಾಲ ನಿಮ್ಮ ಮಾರಿ ನೋಡೋ ಧೈರ್ಯ ಉಳೀಲಿಲ್ಲ.”

ಅವನು ಕೆಳಗಿಳಿದ. ಅವಳೂ ಹಿಂದೆ ಇಳಿದಳು.

ನಡುಮನೆ ಒಲೆಯಂತೆ ಕಾಯುತ್ತಿತ್ತು. ಒಳಕೋಣೆಗೆ ಹೆಜ್ಜೆಯಿಟ್ಟವನು ಅಲ್ಲಿನ ತಂಪಿಗೆ ಹಾಗೇ ನಿಂತ. ಮತ್ತೆ ನಡುಮನೆಗೆ ಬಂದ, ಮತ್ತೆ ಒಳಗೆ ಹೋದ. ಕೊನೆಗೆ ಫರಸಿಯ ಮೇಲೆ ಕುಳಿತು ಗೋಡೆಗೆ ತಲೆಯಾನಿಸಿದ.

ಅಪ್ಪಣೆ ಕೊಟ್ಟರೆ ಸ್ಲ್ಯಾಬ್ ಕೊರೆದು ಬೆಳಕಿಂಡಿ ಬಿಡಿಸುತ್ತೇನೆ, ಗಾಜಿನ ಕಿಟಕಿಗೆ ಬಿಸಿಲು ತಡೆಯುವ ತೂತುತೂತಿನ ಜಾಲಿ ಗೋಡೆ ಕಟ್ಟಿಸುತ್ತೇನೆ ಎಂದಳು. ಬಿಸಿಲು ಇನ್ನು ಮೊದಲಿನಂತಾಗದು, ಮನೆಯೇ ಬದಲಾಗಬೇಕು ಎಂದಳು. ಅವನು ಎಲ್ಲದಕ್ಕೂ ತಲೆಯಾಡಿಸಿದ.

“ಕುಂದ್ರು, ಪಮ್ಮಿ.”

ಆ ಹೆಸರು ಕೇಳಿ ಅವಳ ಕಣ್ಣು ತುಂಬಿತು. ಸ್ವಲ್ಪ ದೂರದಲ್ಲಿ ಕುಳಿತಳು.

“ಒಂದು ಮಾತು ನಿನಗ ಗೊತ್ತಿಲ್ಲ. ಬೆಳಕಿಂಡಿ ಯಾರು ಮುಚ್ಚಿಸಿದ್ರು ಅಂತ ಅವ್ವ ಕೇಳಿದಾಗ, ನಾನೇ ಅಂದೆ.”

ಅವಳು ದಂಗಾದಳು.

“ಅವ್ವ... ಏನಂದ್ರು?”

“ಏನೂ ಅನ್ನಲಿಲ್ಲ. ಭಾಳ ದಿನ ನನ್ನ ಕೈಯಾಗಿನ ನೀರು ಸೈತ ಕುಡೀಲಿಲ್ಲ.”

‘ನಾನು ಸೇಡಂನಲ್ಲಿ ಅಳುತ್ತ ಕೂತಿದ್ದೆ. ಇವರು ನನ್ನ ತಪ್ಪನ್ನು ಹೊತ್ತು ತಾಯಿಯ ಎದುರು ನಿಂತಿದ್ದರು...’

“ಈಗ ಮಾತಾಡಾಕತ್ತ್ಯಾಳ,” ಅವನು ಮೆಲ್ಲಗೆ ಅಂದ. “ಮಗನ ಮ್ಯಾಲಿನ ಸಿಟ್ಟು ಹೆಂಗರ ಇಳೀತದ. ಸೊಸಿ ಮ್ಯಾಲಿಂದು ಇಳ್ಯಾಂಗಿಲ್ಲ. ಅದಕ್ಕ ತಪ್ಪು ನನ್ನ ಹೆಸರಿಗೇ ಇರ್ಲಿ. ಅವ್ವ ಯುಗಾದಿಗಿ ಬರ್ತಾಳ. ನಾವು ಮದಿವಿ ಆಗೋಣು.”

ಅವನ ಕೈ ಅವಳ ಕಡೆ ಚಾಚಿತ್ತು. ಹಿಡಿದುಬಿಟ್ಟರೆ ಸಾಕು. ಯಾರೂ, ಎಂದೂ, ಏನೂ ಕೇಳುವುದಿಲ್ಲ.

“ಒಲ್ಲೆ,” ಅಂದಳು ಪ್ರಮಿತಾ.

ಅವನ ಮುಖ ಬಿಳಿಚಿತು. “ಮದಿವಿ ಒಲ್ಲೇನು?”

“ಮದಿವಿ ಬೇಕು. ನೀವೂ ಬೇಕು. ನಾಳಿ ಚಿಂಚೋಳಿಗಿ ಹೋಗಿ ಅವ್ವಗ ನಾನೇ ಹೇಳ್ತೀನಿ. ಅವರು ಬ್ಯಾಡ ಅಂದ್ರ ಬ್ಯಾಡ.”

“ಹೇಳಬ್ಯಾಡ, ಪಮ್ಮಿ. ನನ್ನ ಸಲುವಾಗಿ.”

“ನಿಮ್ಮ ಸಲುವಾಗೇ ಹೇಳಾಕತ್ತೀನಿ. ಈ ಸುಳ್ಳು ನಾ ಒಲ್ಲೆ.”