ಮರುಸುತ್ತಿನ ಟ್ಯೂಬಾ ಮತ್ತು ಪಾತಾಳ ಸ್ವರ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ತಾಮ್ರಗಿರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ದಿನಾ ಬೆಳಗ್ಗೆ ಕೋಟೆಯ ಮೇಲೆ ಹನ್ನೊಂದು ಮಂದಿ ಕೂತು ಟ್ಯೂಬಾ ಊದುತ್ತಿದ್ದರು. ಟ್ಯೂಬಾ ಅಂದರೆ ಕೂಸಿನ ಹಾಗೆ ಅಪ್ಪಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ. ಸುತ್ತಿ ಸುತ್ತಿ ಮಡಚಿದ ಕೊಳವೆ, ಬೆರಳಿಗೆ ನಾಲ್ಕು ಗುಂಡಿ, ಆಕಾಶಕ್ಕೆ ತೆರೆದ ಬಾಯಿ. ಅದರ ದನಿ ಎದ್ದರೆ ಹಂಡೆಯ ನೀರು ನಡುಗುತ್ತಿತ್ತು, ತೊಟ್ಟಿಲ ಮಗು ನಗುತ್ತಿತ್ತು.

ಕರಿಗುಡ್ಡದ ಮಾಂತ್ರಿಕ ಸಿಡುಕಣ್ಣನಿಗೆ ಮಾತ್ರ ಆ ದನಿ ಕೇಳಿದರೆ ಮೈಯೆಲ್ಲ ಉರಿ. ಒಂದು ದಿನ ಅರಮನೆಗೇ ಬಂದು ಸವಾಲು ಹಾಕಿದ.

"ಎಲ್ಲಕ್ಕಿಂತ ಕೆಳಗಿನ ಪಾತಾಳ ಸ್ವರವನ್ನು ಅದರ ಜಾಗದಲ್ಲೇ ಕೂರಿಸಿ ಊದಿ. ಊದಿದರೆ ನನ್ನ ಮಾಯೆಯೆಲ್ಲ ಕರಗುತ್ತೆ. ಒಬ್ಬೊಬ್ಬರಿಗೆ ಮೂರು ಉಸಿರು. ಮೂರೂ ತಪ್ಪಿದರೆ ತಾಮ್ರದ ಗೊಂಬೆ. ಯಾರೂ ಬರದೆ ಹೋದರೆ ಊರಿಗೆ ಊರೇ ಗೊಂಬೆ!"

ಹನ್ನೊಂದು ಮಂದಿ ಕರಿಗುಡ್ಡಕ್ಕೆ ಹೋದರು. ಹನ್ನೊಂದು ಮಂದಿಯೂ ಗೊಂಬೆಯಾದರು. ಊದಲು ಬಾರದವರಲ್ಲ. ನಾಲ್ಕೂ ಗುಂಡಿ ಒಟ್ಟಿಗೆ ಒತ್ತಿದಾಗ ಯಾವ ಟ್ಯೂಬಾದಲ್ಲೂ ಕೊಳವೆ ಸ್ವಲ್ಪ ಸಾಲದೆ ಬರುತ್ತಿತ್ತು, ಸ್ವರ ಕೂದಲೆಳೆಯಷ್ಟು ಮೇಲೇರುತ್ತಿತ್ತು. ತುಟಿ ಸಡಿಲ ಮಾಡಿ ಅದನ್ನು ಕೆಳಗೆ ಎಳೆಯುವುದು ಎಲ್ಲರಿಗೂ ರೂಢಿ. ಎಷ್ಟು ಎಳೆದರೂ ಜಾಗಕ್ಕೆ ಮಾತ್ರ ಬರುತ್ತಿರಲಿಲ್ಲ.

ಹನ್ನೊಂದನೆಯವನು ಬೊಮ್ಮಲಿಂಗಯ್ಯ. ಅವನ ಮಗಳು ಹಂಪವ್ವ. ಅಪ್ಪನಿಂದಲೇ ಕಲಿತವಳು, ಅಪ್ಪನಷ್ಟೇ ಗಟ್ಟಿ ಎದೆಯವಳು. ಅವಳು ಅತ್ತುಕೊಂಡು ಕೂರಲಿಲ್ಲ. ಸೆರಗು ಬಿಗಿದು ಕಂಚುಗಾರರ ಮೋನಮ್ಮಜ್ಜಿಯ ಮನೆಗೆ ಹೋದಳು.

"ಅಜ್ಜೀ, ನನ್ನ ಅಪ್ಪನ್ನ ಕರ್ಕೊಂಡು ಬರ್ಬೇಕು. ಸರಿಯಾಗಿ ಹಾಡೋ ಟ್ಯೂಬಾ ಎಲ್ಲೈತೆ ಹೇಳು."

"ನಮ್ಮ ಮುತ್ತಾತ ಮೂರೇ ಮೂರು ಮಾಡಿದ್ನಮ್ಮ, ಮರುಸುತ್ತಿನ ಟ್ಯೂಬಾ ಅಂತ. ನಾಲ್ಕನೇ ಗುಂಡಿ ಒತ್ತಿದ್ರೆ, ಒಂದು ಸುತ್ತು ಹೋದ ಉಸಿರು ತಿರುಗಿ ಬಂದು ಸಣ್ಣ ಕೊಳವೆಗಳಲ್ಲಿ ಇನ್ನೊಂದು ಸುತ್ತು ಹೋಗ್ತದೆ. ಸಾಲದೆ ಬಂದ ಉದ್ದ ತುಂಬ್ತದೆ. ಒಂದು ಹೊಳೆ ಪಾಲಾಯ್ತು. ಇನ್ನೊಂದನ್ನ ಯಾವನೋ ದಡ್ಡ ರಾಜ ಕರಗಿಸಿ ಪಾಯಸದ ಕಡಾಯಿ ಮಾಡಿಸ್ದ. ಉಳಿದಿದ್ದು ಕರಿಗುಡ್ಡದ ಗವಿಯಲ್ಲೈತೆ."

ಹಂಪವ್ವ ಹೊರಟಳು. ಗವಿಯ ಬಾಗಿಲಲ್ಲಿ ಕಂಚಿನ ಗೂಳಿ ಮಲಗಿತ್ತು, ಅದರ ಪಕ್ಕದಲ್ಲೇ ಮರುಸುತ್ತಿನ ಟ್ಯೂಬಾ.

"ಏಯ್ ಹುಡುಗಿ, ಈ ಟ್ಯೂಬಾ ಬೇಕಂದ್ರೆ ನಾನು ಮೆಲುಕು ಹಾಕಿ ಮುಗಿಸೋ ತನಕ ಇದನ್ನ ನೆಲಕ್ಕೆ ತಾಗದ ಹಾಗೆ ಹಿಡ್ಕೋಬೇಕು. ಒಳಗೆ ಎರಡರಷ್ಟು ಕೊಳವೆ ಐತೆ. ಎಷ್ಟೋ ಜಟ್ಟಿಗಳು ನಿಂತು ಹಿಡಿದು ಬಿದ್ದೋದ್ರು."

"ನಿಂತು ಯಾಕೆ ಹಿಡೀಬೇಕು ಗೂಳಿಮಾವ?" ಅಂದವಳೇ ಚಕ್ಕಳಮಕ್ಕಳ ಹಾಕಿ ಕೂತಳು, ಮಡಿಲಲ್ಲಿ ಇಟ್ಟುಕೊಂಡಳು. ಗೂಳಿ ಮೆಲುಕು ಹಾಕಿತು, ಹಾಕಿತು, ಹಾಕಿತು. ಅವಳು ಕೊಳವೆಯ ಮೇಲಿನ ದೂಳು ಒರೆಸುತ್ತ, ಅದರ ಚೆಂದ ನೋಡುತ್ತ ಕೂತೇ ಇದ್ದಳು. ಕೊನೆಗೆ ಗೂಳಿಗೇ ದವಡೆ ನೋವು ಬಂತು.

"ಸೋತೆ ತಾಯಿ. ಬಾ, ನನ್ನ ಬೆನ್ನ ಮೇಲೆ ಕೂತ್ಕೋ."

ಗುಡ್ಡದ ಅರ್ಧದಲ್ಲಿ ದಾರಿಗೆ ಅಡ್ಡಲಾಗಿ ಹೆಬ್ಬಾವು. "ಒಂದೇ ಉಸಿರಲ್ಲಿ ಊದು. ದನಿ ನಿಲ್ಲೋದ್ರೊಳಗೆ ನನ್ನ ಸುರುಳಿ ಬಿಚ್ಚಿದರೆ ದಾರಿ ಬಿಡ್ತೀನಿ."

ಹಂಪವ್ವ ಜೋರಾಗಿ ಊದಿದಳು. ಉಸಿರು ಕೊಳವೆಯಲ್ಲೇ ಕಟ್ಟಿತು. ಹಾವು ಕಿಸಕ್ಕನೆ ನಕ್ಕಿತು. "ಒಲೆ ಊದ್ತಿದ್ದೀಯೇನೇ?"

ಹಂಪವ್ವನೂ ನಕ್ಕಳು. ಕನ್ನಡಿ ಒರೆಸಲು ಹಬೆ ಬಿಡುತ್ತಾರಲ್ಲ, ಹಾಗೆ ಬೆಚ್ಚಗೆ, ಅಗಲವಾಗಿ, ನಿಧಾನಕ್ಕೆ ಬಿಟ್ಟಳು. ದನಿ ಎದ್ದಿತು, ಹಬ್ಬಿತು, ನಿಲ್ಲದೆ ಸಾಗಿತು. ಹೆಬ್ಬಾವಿಗೆ ಹಾಯೆನಿಸಿ ಸುರುಳಿ ತಾನಾಗಿ ಬಿಚ್ಚಿಕೊಂಡಿತು.

ಗುಡ್ಡದ ತುದಿಯಲ್ಲಿ ಸಿಡುಕಣ್ಣನ ಅಂಗಳ. ಹನ್ನೊಂದು ತಾಮ್ರದ ಗೊಂಬೆ. ಅಪ್ಪನ ಕೆನ್ನೆ ಇನ್ನೂ ಉಬ್ಬಿಕೊಂಡೇ ಇತ್ತು.

"ಓಹೋ, ಅಪ್ಪ ಸಾಲದು ಅಂತ ಮಗಳೂ ಬಂದಳು! ಊದು ಊದು," ಅಂದ ಮಾಂತ್ರಿಕ.

ಹಂಪವ್ವ ನಾಲ್ಕೂ ಗುಂಡಿ ಒತ್ತಿದಳು, ರೂಢಿಯ ಹಾಗೆ ತುಟಿ ಸಡಿಲ ಮಾಡಿ ಊದಿದಳು. ಸ್ವರ ಕೆಳಗೆ ಜಾರಿತು. ಮೊಣಕಾಲಿನ ತನಕ ತಾಮ್ರವಾಯಿತು.

"ಅಪ್ಪನದು ಮೇಲೆ ಹೋಯ್ತು, ಮಗಳದು ಕೆಳಗೆ ಬಿತ್ತು! ಕಡಾಯಿ ಮಾಡಿಸ್ಕೊಳ್ಳೇ ಅದನ್ನ!"

ಎರಡನೇ ಸಲ ತುಟಿ ಬಿಗಿ ಮಾಡಿದಳು. ಈಗ ಮೇಲೇರಿತು. ಸೊಂಟದ ತನಕ ತಾಮ್ರವಾಯಿತು. ಮಾಂತ್ರಿಕ ಕುಣಿದಾಡಿದ.

ಉಳಿದದ್ದು ಒಂದೇ ಉಸಿರು. ಹಂಪವ್ವ ಹೆದರಲಿಲ್ಲ, ಯೋಚಿಸಿದಳು. 'ವಾದ್ಯದಲ್ಲಿ ತಪ್ಪಿಲ್ಲ. ಅದು ಆಗಲೇ ತಿದ್ದಿಕೊಂಡೈತೆ. ತಿದ್ದಿದ್ದನ್ನೇ ನಾನು ಮತ್ತೆ ತಿದ್ದೋಕೆ ಹೋಗ್ತಿದ್ದೀನಿ. ಕೆಟ್ಟ ಟ್ಯೂಬಾ ಊದಿ ಊದಿ ನನ್ನ ತುಟಿ ಕೆಟ್ಟೈತೆ.'

ತುಟಿಯನ್ನು ಎಳೆಯಲೂ ಇಲ್ಲ, ಬಿಗಿಯಲೂ ಇಲ್ಲ. ಇದ್ದ ಹಾಗೆ ಬಿಟ್ಟಳು. ನಾಲ್ಕೂ ಗುಂಡಿ ಒತ್ತಿ ಬೆಚ್ಚಗೆ ಉಸಿರು ಬಿಟ್ಟಳು. ಉಸಿರು ಒಂದು ಸುತ್ತು ಹೋಯಿತು, ತಿರುಗಿ ಬಂತು, ಇನ್ನೊಂದು ಸುತ್ತು ಹೋಯಿತು. ಪಾತಾಳ ಸ್ವರ ಬಂದು, ದಣಿದವರು ಮಣೆಯ ಮೇಲೆ ಕೂತ ಹಾಗೆ, ತನ್ನ ಜಾಗದಲ್ಲಿ ಕೂತಿತು.

ಕರಿಗುಡ್ಡ ಗುಂಯ್ ಅಂದಿತು. ಸಿಡುಕಣ್ಣ ಕುಗ್ಗಿದ, ಮುದುಡಿದ, ಸೊಳ್ಳೆಯಾಗಿ ಹಾರಿಹೋದ. ಹಂಪವ್ವನ ಕಾಲು ಕಾಲಾಯಿತು. ಹನ್ನೊಂದು ಮಂದಿ ಮೈಮುರಿದು ಎದ್ದರು.

"ಅಪ್ಪಾ!" ಅಂತ ಓಡಿದಳು ಹಂಪವ್ವ.

ಬೊಮ್ಮಲಿಂಗಯ್ಯ ಎರಡೂ ಕೈ ಚಾಚಿ ಬಂದು ಟ್ಯೂಬಾವನ್ನು ತಬ್ಬಿಕೊಂಡ. "ಅಯ್ಯಯ್ಯೋ, ಮರುಸುತ್ತಿಂದು! ಕೊಳವೆ ನೋಡ್ರೋ, ಹಿಂದ್ಗಡೆ ನೋಡ್ರೋ!"

ಉಳಿದ ಹತ್ತು ಮಂದಿಯೂ ಮುತ್ತಿಕೊಂಡರು. ಒಬ್ಬ ಗುಂಡಿ ಒತ್ತಿ ನೋಡಿದ, ಒಬ್ಬ ಬಾಯೊಳಗೆ ತಲೆಯಿಟ್ಟು ನೋಡಿದ.

"ಅಪ್ಪಾ, ನಾನೂ ಇಲ್ಲೇ ಇದ್ದೀನಿ!"

ಬೊಮ್ಮಲಿಂಗಯ್ಯ ತಿರುಗಿ ನೋಡಿದ. ಕಣ್ಣು ತುಂಬಿತು. ಟ್ಯೂಬಾ ಸಮೇತ ಮಗಳನ್ನು ತಬ್ಬಿಕೊಂಡ. ಆಮೇಲೆ ತಡೆಯಲಾರದೆ ತಾನೂ ಒಂದು ಸಲ ಊದಿದ. ಸ್ವರ ಕೆಳಗೆ ಜಾರಿತು.

"ತುಟಿ ಬಿಡಪ್ಪ," ಅಂದಳು ಹಂಪವ್ವ. "ಅದಕ್ಕೆ ಗೊತ್ತು."

ಅವನು ಬಿಟ್ಟ, ಸ್ವರ ಕೂತಿತು. ಹನ್ನೆರಡು ಮಂದಿ ಸರದಿಯಲ್ಲಿ ಊದುತ್ತ ಗೂಳಿಯ ಬೆನ್ನ ಹಿಂದೆ ಊರಿಗೆ ಇಳಿದರು. ತಾಮ್ರಗಿರಿಯವರು ಉಂಡರು, ನಕ್ಕರು, ನೂರು ಕಾಲ ಬಾಳಿದರು. ಅವರ ಬಾಳು ಚೆನ್ನಾಗಿತ್ತು, ನಿಮ್ಮದೂ ಹಾಗೇ ಇರಲಿ.